ಅತ್ತೆಯವರಿಗೆ ಒಂದು ಚೀಲ ಮರಳು

ಮೂರು ಮಹಡಿಯ ಆ ಕಟ್ಟಡದಲ್ಲಿ ಹನ್ನೆರಡು ಮನೆಗಳೂ ಹದಿನಾಲ್ಕು ನೋಟೀಸುಗಳೂ ಇದ್ದವು. ಮನೆಗಳನ್ನು ಕಟ್ಟಿದವರು ಯಾರೆಂದು ಅಲ್ಲಿದ್ದವರಿಗೆ ಗೊತ್ತಿರಲಿಲ್ಲ. ನೋಟೀಸುಗಳನ್ನು ಬರೆದವನು ಯಾರೆಂದು ಹಾಲು ಹಾಕುವವನಿಗೂ ಗೊತ್ತಿತ್ತು. ಮೂರನೇ ಮಹಡಿಯ ಎಡಗಡೆ ಮನೆಯಲ್ಲಿದ್ದುಕೊಂಡು ನಿವಾಸಿಗಳ ಸಂಘದ ಕಾರ್ಯದರ್ಶಿಯಾಗಿದ್ದ ಅವನಿಗೆ ಕಟ್ಟಡದ ಮಕ್ಕಳು ನೋಟೀಸಪ್ಪ ಎಂದು ಹೆಸರಿಟ್ಟಿದ್ದರು. ದೊಡ್ಡವರು ಎದುರಿಗೆ 'ಸೆಕ್ರೆಟರಿಗಳೇ' ಎನ್ನುತ್ತಿದ್ದರು. ಅವನು ಮೆಟ್ಟಿಲು ತಿರುಗಿದ ಮೇಲೆ ಮಕ್ಕಳಿಟ್ಟ ಹೆಸರನ್ನೇ ಬಳಸುತ್ತಿದ್ದರು.

ಅದು ಅವನ ಕಸುಬಿನಿಂದ ಅಂಟಿಕೊಂಡ ಗುಣ. ಇಪ್ಪತ್ತು ವರ್ಷದಿಂದ ಒಂದು ಹಳೇ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕಡತಗಳಿಗೆ ಕೆಂಪು ದಾರ ಕಟ್ಟಿ, ಚೀಟಿ ಅಂಟಿಸಿ, ಬೀರುವಿಗೆ ಏರಿಸುವುದು ಅವನ ಕೆಲಸ. ಚೀಟಿಯಿಲ್ಲದ ವಸ್ತು ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಮನೆಯ ಸಕ್ಕರೆ ಡಬ್ಬಿಯ ಮೇಲೆ 'ಸಕ್ಕರೆ' ಎಂದು ಬರೆದಿದ್ದ. ಉಪ್ಪಿನ ಡಬ್ಬಿಯ ಮೇಲೆ 'ಉಪ್ಪು, ಸಕ್ಕರೆಯಲ್ಲ' ಎಂದು ಬರೆದಿದ್ದ.

ಅವನ ನೋಟೀಸುಗಳಲ್ಲೆಲ್ಲ ಹದಿನಾಲ್ಕನೆಯದು ಶ್ರೇಷ್ಠವಾದದ್ದು. ಸಂಘದ ಅಧ್ಯಕ್ಷರಾದ ನಿವೃತ್ತ ಹೆಡ್‌ಮೇಷ್ಟ್ರ ಉಣ್ಣೆ ಕೋಟಿನೊಳಗೆ ಯಾವುದೋ ಬೀದಿ ಬೆಕ್ಕು ಮೂರು ಮರಿ ಹಾಕಿದ ವಾರ ಅದು ಹುಟ್ಟಿತು. ಒಂದು: ನಿವಾಸಿಗಳು ಬೆಕ್ಕು ಸಾಕತಕ್ಕದ್ದಲ್ಲ. ಎರಡು: ಮೆಟ್ಟಿಲ ಮೇಲೆ ಹಾಲು ಇಡತಕ್ಕದ್ದಲ್ಲ. ಮೂರು: ತಾವಾಗಿ ಬಂದ ಬೆಕ್ಕುಗಳೊಂದಿಗೆ ಸಂಭಾಷಣೆ ನಡೆಸತಕ್ಕದ್ದಲ್ಲ. ನಾಲ್ಕು: ತಪ್ಪಿದವರು ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತು ವಿವರಣೆ ನೀಡತಕ್ಕದ್ದು. ಮೊದಲನೇ ಮಹಡಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಬಾಲ್ಕನಿಯಲ್ಲೇ ಇರುತ್ತಿದ್ದುದರಿಂದ ಬಾಲ್ಕನಿ ಆಂಟಿ ಎನಿಸಿಕೊಂಡಿದ್ದ ಹೆಂಗಸು ಒಂದು ಲೋಟ ಹಾಲಿನ ಸಲುವಾಗಿ ಹಾಗೆ ಎದ್ದು ನಿಂತಿದ್ದೂ ಆಗಿತ್ತು. ಆಕೆ ಅದನ್ನು ಮರೆತಿರಲಿಲ್ಲ. ಬೆಕ್ಕನ್ನೂ ಮರೆತಿರಲಿಲ್ಲ.

ಇಷ್ಟೆಲ್ಲ ಬರೆದ ಮನುಷ್ಯನಿಗೆ ಕಚೇರಿಯಲ್ಲಿ ಒಂದು ಬೆಕ್ಕಿತ್ತು.

ಇತ್ತು ಎಂದರೆ, ಅದು ಅವನದಲ್ಲ. ರೆಕಾರ್ಡ್ ರೂಮಿನ ಇಲಿಗಳನ್ನು ನೋಡಿಕೊಳ್ಳಲು ಅದಾಗಿಯೇ ಬಂದು ಸೇರಿಕೊಂಡದ್ದು. ಬಣ್ಣ ಬೂದಿ, ಹೆಸರೂ ಬೂದಿ. ಒಂಬತ್ತು ವರ್ಷದಿಂದ ಅವನ ಮೇಜಿನ ಎಡ ಅಂಚಿನಲ್ಲಿ ಮಲಗುತ್ತಿತ್ತು. ಅವನು ಅದರೊಂದಿಗೆ ಸಂಭಾಷಣೆಯನ್ನೂ ನಡೆಸುತ್ತಿದ್ದ. ಕಚೇರಿಗೆ ಹದಿನಾಲ್ಕನೇ ನೋಟೀಸು ಅನ್ವಯಿಸುವುದಿಲ್ಲ ಎಂಬುದು ಅವನ ಧೈರ್ಯ.

ಈಗ ಕಚೇರಿ ಹೊಸ ಕಟ್ಟಡಕ್ಕೆ ಹೋಗಿತ್ತು. ಅಲ್ಲಿ ಕಬ್ಬಿಣದ ಬೀರುಗಳು ಹಳಿಯ ಮೇಲೆ ಓಡಾಡುತ್ತವೆ. ಇಲಿಗೆ ನುಗ್ಗಲು ಸಂದಿಯಿಲ್ಲ, ಇಲಿಯಿಲ್ಲದ ಮೇಲೆ ಬೆಕ್ಕಿಗೆ ಹುದ್ದೆಯಿಲ್ಲ. ಸಾಗಿಸಬೇಕಾದ ಸಾಮಾನಿನ ಪಟ್ಟಿಯಲ್ಲಿ ನಲವತ್ತೊಂದು ಬೀರು, ಆರು ಮೇಜು, ಒಂದು ಮುರಿದ ಏಣಿ ಇದ್ದವು. ಬೂದಿ ಇರಲಿಲ್ಲ. ನೋಟೀಸಪ್ಪ ಪಟ್ಟಿಯನ್ನು ಮೂರು ಸಲ ಓದಿದ. ತಯಾರಿಸಿದವನು ಅವನೇ. ಹಳೇ ಕಟ್ಟಡವನ್ನು ಸೋಮವಾರ ಬೆಳಿಗ್ಗೆ ಕೆಡವುತ್ತಾರೆಂದು ಬುಧವಾರ ತಿಳಿಯಿತು. ಬೂದಿ ಇನ್ನೂ ಒಳಗೇ ಇತ್ತು. ಅದಕ್ಕೆ ಯಾರೂ ವರ್ಗಾವಣೆ ಆದೇಶ ಕೊಟ್ಟಿರಲಿಲ್ಲ.

ಅವನ ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಸುತ್ತಿ ಬಳಸಿ ಮಾತಾಡಿ ಅಭ್ಯಾಸವಿಲ್ಲ.

"ಮನೆಗೆ ತಂದುಬಿಡಿ," ಅಂದಳು.

"ನೋಟೀಸಿದೆಯಲ್ಲ."

"ಕಿತ್ತುಹಾಕಿ."

"ಹಾಗೆಲ್ಲ ಕೀಳೋಕಾಗಲ್ಲ. ಸಭೆ ಕರೀಬೇಕು. ಏಳು ದಿನ ಮುಂಚೆ ತಿಳಿಸಬೇಕು."

"ಹಾಗಾದ್ರೆ ಬೆಕ್ಕಿಗೇ ಒಂದು ನೋಟೀಸ್ ಕೊಡಿ. ಗೋಡೆ ಬೀಳೋವಾಗ ಪಕ್ಕಕ್ಕೆ ನಿಲ್ಲತಕ್ಕದ್ದು ಅಂತ."

ನೋಟೀಸಪ್ಪ ಒಂದು ಉಪಾಯ ಹೂಡಿದ. ಸಾಕುಪ್ರಾಣಿಗಳ ಸಾಮಾನು ಮಾರುವ ಅಂಗಡಿಯವನು, ಹೊಸ ಬೆಕ್ಕನ್ನು ಮೊದಲ ಹತ್ತು ದಿನ ಒಂದೇ ಕೋಣೆಯಲ್ಲಿಡಬೇಕು ಎಂದಿದ್ದ. ಭಾನುವಾರ ಬೂದಿಯನ್ನು ಸದ್ದಿಲ್ಲದೆ ತಂದು ಚಿಕ್ಕ ಕೋಣೆಯಲ್ಲಿಡುವುದು, ಆ ಹತ್ತು ದಿನದೊಳಗೆ ಸಭೆ ಕರೆದು ನಿಯಮ ತಿದ್ದುವುದು, ಆಮೇಲೆ ಬಾಗಿಲು ತೆಗೆಯುವುದು. ಉಪಾಯದಲ್ಲಿ ಒಂದೇ ಒಂದು ಕೊರತೆಯಿತ್ತು. ಬೆಕ್ಕು ಬರುವ ಮೊದಲು ಅದರ ಸಾಮಾನು ಬರಬೇಕು. ಸಾಮಾನು ಬಾಲ್ಕನಿ ಆಂಟಿಯ ಬಾಲ್ಕನಿಯ ಪಕ್ಕದಲ್ಲೇ ಹಾದುಹೋಗಬೇಕು.

ಬುಧವಾರ ಸಂಜೆ ಬೆಕ್ಕಿನ ಕಕ್ಕಸಿಗೆಂದು ಒಂದು ಚೀಲ ಮರಳನ್ನು ಹೆಗಲ ಮೇಲೆ ಹೊತ್ತು ಅವನು ಮೊದಲನೇ ಮಹಡಿ ತಲುಪಿದಾಗ ಆಕೆ ಅಲ್ಲೇ ಇದ್ದಳು.

"ಏನ್ರೀ ಸೆಕ್ರೆಟರಿಗಳೇ, ಮರಳು? ಮನೇಲಿ ರಿಪೇರಿನಾ?"

ರಿಪೇರಿ ಎನ್ನುವಂತಿರಲಿಲ್ಲ. ಆರನೇ ನೋಟೀಸಿನ ಪ್ರಕಾರ ರಿಪೇರಿಗೆ ಹದಿನೈದು ದಿನ ಮುಂಚೆ ಅನುಮತಿ ಬೇಕು. ಗಿಡಕ್ಕೆ ಎನ್ನುವಂತಿರಲಿಲ್ಲ. ಒಂಬತ್ತನೆಯದರಲ್ಲಿ ಕುಂಡಗಳಿಗೆ ನಿಷೇಧವಿತ್ತು. ತಾನು ಎಷ್ಟು ಅಚ್ಚುಕಟ್ಟಾಗಿ ನೋಟೀಸು ಬರೆದಿದ್ದೇನೆಂಬುದು ಅವನಿಗೆ ಆ ಮೆಟ್ಟಿಲ ಮೇಲೆ ಅರ್ಥವಾಯಿತು. ನುಸುಳಲು ಒಂದು ಸಂದಿಯೂ ಇರಲಿಲ್ಲ.

"ಅತ್ತೆ ಬರ್ತಿದಾರೆ," ಅಂದುಬಿಟ್ಟ.

"ಓಹೋ. ಯಾವತ್ತು?"

"ಭಾನುವಾರ."

"ಅತ್ತೆಗೆ ಮರಳು ಯಾಕೆ?"

"ಅವರಿಗೆ ಮಂಡಿ ನೋವು. ಮರಳಲ್ಲಿ ಕಾಲಿಟ್ಟುಕೊಂಡು ಕೂರಬೇಕು ಅಂತ ಡಾಕ್ಟ್ರು ಹೇಳಿದಾರೆ."

ಮಂಡಿ ನೋವು ನಿಜ. ಉಳಿದದ್ದು ಮರಳಿನ ಭಾರ ಹೇಳಿಸಿದ ಮಾತು. ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ಮೊರದಲ್ಲಿದ್ದ ಕಾಳು ಆರಿಸುವುದನ್ನು ನಿಲ್ಲಿಸಿದಳು.

"ಹನ್ನೊಂದು ವರ್ಷ ಆಯ್ತು ಮದುವೆಯಾಗಿ. ನಮ್ಮಮ್ಮನ್ನ ಒಂದು ಸಲ ಬಂದು ಇರಿ ಅಂದಿಲ್ಲ. ಈಗ ಅವರ ಹೆಸರಲ್ಲಿ ಬೆಕ್ಕು ತರ್ತೀರಾ?"

"ಹೆಸರು ಮಾತ್ರ. ಅವರಿಗೆ ಗೊತ್ತಾಗಲ್ಲ."

"ನನ್ನ ಬಾಯಿಂದ ಗೊತ್ತಾಗಲ್ಲ," ಅಂದಳು ಹೆಂಡತಿ. ಅದರ ಅರ್ಥ ಬೇರೆ ಬಾಯಿಗಳೂ ಇವೆ ಎಂದು. ಅದು ಹೊಳೆಯದೆ ಅವನು ಸಮಾಧಾನಪಟ್ಟುಕೊಂಡ.

ಗುರುವಾರ ಅವನು ಸೊಂಟದೆತ್ತರದ ಒಂದು ಕಂಬ ತಂದ. ಬುಡದಿಂದ ತುದಿವರೆಗೆ ಹಗ್ಗ ಸುತ್ತಿದ, ಬೆಕ್ಕು ಉಗುರು ಕೆರೆಯುವ ಕಂಬ. ಇನ್ನೊಂದು ಕಂಕುಳಲ್ಲಿ ಕಿಟಕಿಗೆ ಕಟ್ಟುವ ಬಲೆ.

"ಇದೂ ಅತ್ತೆಗೇನಾ?" ಅಂದಳು ಬಾಲ್ಕನಿ ಆಂಟಿ.

"ಅವರಿಗೇ."

"ಕಂಬ?"

"ಅದು... ಅವರಿಗೆ ಏನಾದ್ರೂ ಪರಚ್ತಾ ಇರಬೇಕು ಅನ್ಸುತ್ತೆ."

"ಬಲೆ?"

"ಕಿಟಕಿಯಿಂದ ಹಾರಬಾರದು ಅಂತ."

"ಹಾರ್ತಾರಾ?"

"ಹಕ್ಕಿ ಕಂಡ್ರೆ ಹಾರ್ತಾರೆ," ಅಂದ ನೋಟೀಸಪ್ಪ. ಅಂದ ಮೇಲೆ ಅದು ಅತ್ತೆಯವರ ಮಟ್ಟಿಗೆ ಸ್ವಲ್ಪ ಹೆಚ್ಚಾಯಿತು ಅನಿಸಿತು. ಸರಿಪಡಿಸಲೆಂದು, "ಸ್ವಭಾವ ಒಳ್ಳೇದು. ಮೀನು ಅಂದ್ರೆ ಪ್ರಾಣ," ಎಂದು ಸೇರಿಸಿ ಎರಡೆರಡು ಮೆಟ್ಟಿಲು ಹಾರುತ್ತಾ ಹೋದ.

ಬಾಲ್ಕನಿ ಆಂಟಿಗೆ ಆ ಅತ್ತೆಯ ಪರಿಚಯವಿತ್ತು. ಹಿಂದೊಮ್ಮೆ ಒಂದು ದಿನದ ಮಟ್ಟಿಗೆ ಬಂದಾಕೆ ಮಂಡಿ ನೋವಿಗೆ ಮೊದಲನೇ ಮಹಡಿಯಲ್ಲಿ ಕುಳಿತು ಸುಧಾರಿಸಿಕೊಂಡಿದ್ದರು. ಇಬ್ಬರೂ ಫೋನ್ ನಂಬರು ಕೊಟ್ಟು ತೆಗೆದುಕೊಂಡಿದ್ದರು. ಆಗ ಆಕೆ ಪರಚಿರಲಿಲ್ಲ. ಪಾಪ, ವಯಸ್ಸಾಗಿ ಬುದ್ಧಿಗೆ ಏನೋ ಆಗಿರಬೇಕು ಎಂದುಕೊಂಡಳು ಬಾಲ್ಕನಿ ಆಂಟಿ. ಇದನ್ನು ಎದುರು ಮನೆಗೆ ಹೇಳಿದಳು. ಎದುರು ಮನೆ ಕೆಳಗಿನ ಮನೆಗೆ ಹೇಳಿತು. ಗುರುವಾರ ದೀಪ ಹಚ್ಚುವ ಹೊತ್ತಿಗೆ ಕಟ್ಟಡದ ಹನ್ನೊಂದು ಮನೆಗಳು ಮೂರನೇ ಮಹಡಿಯ ಅಳಿಯನ ಬಗ್ಗೆ ಕನಿಕರಪಟ್ಟವು. ಬುದ್ಧಿ ಕೆಟ್ಟ ಅತ್ತೆಯನ್ನು ಕರೆತಂದು ನೋಡಿಕೊಳ್ಳುವುದು ಸಾಮಾನ್ಯವೇ.

ಶುಕ್ರವಾರ ಬಡಗಿ ಬಂದ ಮೇಲೆ ಆ ಕನಿಕರ ದಿಕ್ಕು ಬದಲಿಸಿತು.

ಚಿಕ್ಕ ಕೋಣೆಯ ಬಾಗಿಲಿನ ಕೆಳಗೆ ಬೆಕ್ಕು ಬಂದು ಹೋಗಲು ಒಂದು ಕಿಂಡಿ ಕೊರೆಯುವುದು ಬಡಗಿಯ ಕೆಲಸ. ಅಳತೆ ಹೇಳಿ ನೋಟೀಸಪ್ಪ ಒಳಗೆ ಹೋಗಿದ್ದ. ಗರಗಸಕ್ಕೆ ಎಣ್ಣೆ ಬೇಕೆಂದು ಬಡಗಿ ಕೆಳಗಿಳಿದು ಬಂದಾಗ ಬಾಲ್ಕನಿ ಆಂಟಿ ಎಣ್ಣೆಯ ಜೊತೆಗೆ ಸುದ್ದಿಯನ್ನೂ ಕೊಟ್ಟು ಕಳಿಸಿದಳು. ಬಡಗಿ ಮೇಲೆ ಬಂದು ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಯೋಚಿಸಿದ.

"ಸಾರ್, ಒಂದು ಮಾತು. ಬರೋರು ದಪ್ಪಗಿದಾರಾ?"

"ಸ್ವಲ್ಪ ಹೊಟ್ಟೆ ಇದೆ," ಅಂದ ನೋಟೀಸಪ್ಪ, ಬೂದಿಯನ್ನು ನೆನೆದು.

"ಒಂದು ಗೇಣಲ್ಲಿ ತೂರ್ತಾರಾ?"

"ಎಲ್ಲಾದ್ರೂ ತೂರ್ತಾರೆ. ಮೀಸೆ ತೂರಿದ್ರೆ ಮೈ ತೂರಿದ ಹಾಗೆ."

ಬಡಗಿ ಗರಗಸ ಕೆಳಗಿಟ್ಟ. "ಮೀಸೆ?"

"ಬೇಗ ಮುಗಿಸಪ್ಪ. ಭಾನುವಾರ ಬಂದುಬಿಡ್ತಾರೆ."

ಬಡಗಿ ಕಿಂಡಿ ಕೊರೆದ. ಅಳತೆಗಿಂತ ನಾಲ್ಕು ಬೆರಳು ದೊಡ್ಡದಾಗಿಯೇ ಕೊರೆದ. ತನ್ನ ಕೈಲಾದ ಉಪಕಾರ ಅದು ಎಂದು ಆಮೇಲೆ ಕೆಳಗೆ ಹೇಳಿಕೊಂಡನಂತೆ.

ಅದೇ ಸಂಜೆ ನೋಟೀಸಪ್ಪ ಮೆಟ್ಟಿಲು ಹತ್ತುವಾಗ ಅಂಗಡಿಯವನ ಫೋನು ಬಂತು. ಬಾಲ್ಕನಿ ಆಂಟಿ ಒಣಗಿದ ಬಟ್ಟೆಯನ್ನು ಮತ್ತೆ ಒಣಹಾಕುತ್ತಾ ನಿಂತಿದ್ದಳು. ಆಕೆಯ ಕಿವಿಗೆ ಅನುಮಾನ ಬಾರದಿರಲೆಂದು ಅವನು ಬೆಕ್ಕಿಗೆ ಪೂರ್ತಿ ಮರ್ಯಾದೆ ಕೊಟ್ಟು ಮಾತಾಡಿದ.

"ಹಾಂ, ಮೊದಲ ಎರಡು ದಿನ ಮಂಚದ ಕೆಳಗೇ ಇರ್ತಾರಾ? ಸರಿ, ಎಳೆಯಲ್ಲ. ಊಟ ಕೆಳಗೇ ತಳ್ತೀನಿ. ಕೂಗಿದ್ರೂ ಬಾಗಿಲು ತೆಗೀಬಾರ್ದಾ? ಹತ್ತು ದಿನವೂ? ಸರಿ. ಉಗುರು ನಾನೇ ಕತ್ತರಿಸ್ತೀನಿ. ಟವೆಲಲ್ಲಿ ಗಟ್ಟಿಯಾಗಿ ಸುತ್ತಿಬಿಟ್ಟು, ಅಲ್ವಾ? ಕತ್ತಿನ ಹಿಂದೆ ಹಿಡಿದು ಎತ್ತಬಹುದಾ? ಓ, ಮರಿಗಳನ್ನ ಮಾತ್ರ. ಇಲ್ಲ ಇಲ್ಲ, ಇವರಿಗೆ ವಯಸ್ಸಾಗಿದೆ."

ಬಟ್ಟೆಯ ಕ್ಲಿಪ್ಪೊಂದು ಬಾಲ್ಕನಿ ಆಂಟಿಯ ಕೈಯಿಂದ ಜಾರಿ ಕೆಳಗೆ ಬಿತ್ತು.

ಶನಿವಾರ ಬೆಳಿಗ್ಗೆ ಹೆಡ್‌ಮೇಷ್ಟ್ರು ನೋಟೀಸಪ್ಪನನ್ನು ಕರೆಸಿದರು. ಅವರು ಮೂವತ್ತಾರು ವರ್ಷ ಪಾಠ ಹೇಳಿದವರು. ಯಾರನ್ನು ಕರೆಸಿದರೂ ಎರಡು ನಿಮಿಷ ಮಾತಾಡದೆ ನಿಲ್ಲಿಸುತ್ತಿದ್ದರು. ನಿಲ್ಲಿಸಿದರು.

"ನಾಳೆ ಹತ್ತು ಗಂಟೆಗೆ ತುರ್ತು ಸಭೆ," ಅಂದರು. "ನೋಟೀಸ್ ಬರೀರಿ."

"ಏಳು ದಿನ ಮುಂಚೆ ತಿಳಿಸಬೇಕಲ್ಲ, ಸಾರ್."

"ಪ್ರಾಣದ ಪ್ರಶ್ನೆ ಇದ್ದರೆ ಒಂದು ದಿನ ಸಾಕು ಅಂತ ನೀವೇ ಬರೆದಿದ್ದೀರಿ. ಎರಡನೇ ನೋಟೀಸು."

ಇದೊಂದು ಅವಕಾಶ ಬೂದಿಗೂ ಇತ್ತಲ್ಲ ಎಂದು ನೋಟೀಸಪ್ಪನಿಗೆ ಆಗ ಹೊಳೆಯಿತು. ಆದರೆ ಪೆನ್ನು ಆಗಲೇ ಕೈಯಲ್ಲಿತ್ತು. "ವಿಷಯ ಏನಂತ ಬರೀಲಿ?"

"ಕಾರ್ಯದರ್ಶಿಗಳು ತಮ್ಮ ಅತ್ತೆಯವರನ್ನು ನಡೆಸಿಕೊಳ್ಳಲಿರುವ ರೀತಿ."

ನೋಟೀಸಪ್ಪ ಬರೆದ. ಅಭ್ಯಾಸಬಲ. 'ನಡೆಸಿಕೊಳ್ಳಲಿರುವ' ಎಂಬುದರ ಕೆಳಗೆ ಗೆರೆ ಎಳೆದ, ಸಾಲುಗಳು ನೇರವಾಗಿವೆಯೇ ಎಂದು ದೂರ ಹಿಡಿದು ನೋಡಿದ, ಮೊದಲನೇ ಮಹಡಿಯ ತಿರುವಿನ ಬೋರ್ಡಿಗೆ ನಾಲ್ಕು ಮೂಲೆಗೂ ಪಿನ್ನು ಚುಚ್ಚಿದ. ತನ್ನ ಮೇಲಿನ ಆರೋಪವನ್ನು ಇಷ್ಟು ಸುಂದರವಾಗಿ ಬರೆದವನು ಇನ್ನೊಬ್ಬನಿರಲಾರ.

ಭಾನುವಾರ ಹತ್ತು ಗಂಟೆಗೆ ಕೆಳಗೆ ವಾಹನ ನಿಲ್ಲಿಸುವ ಜಾಗದಲ್ಲಿ ಕುರ್ಚಿಗಳನ್ನು ಹಾಕಿದ್ದೂ ಅವನೇ. ಹನ್ನೆರಡು ಮನೆಯವರೂ ಬಂದಿದ್ದರು. ಸಂಘದ ಇತಿಹಾಸದಲ್ಲಿ ಎಲ್ಲರೂ ಬಂದ ಮೊದಲ ಸಭೆ. ಹೆಂಡತಿ ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದಳು. ಬೂದಿಯ ಕಟ್ಟಡ ಕೆಡವಲು ಇನ್ನು ಒಂದೇ ದಿನವಿತ್ತು.

"ಮರಳು, ಬಲೆ, ಹಗ್ಗ ಸುತ್ತಿದ ಕಂಬ," ಹೆಡ್‌ಮೇಷ್ಟ್ರು ಒಂದೊಂದೇ ಓದಿದರು. "ಬಾಗಿಲಲ್ಲಿ ಕಿಂಡಿ. ಹತ್ತು ದಿನ ಕೋಣೆಯಲ್ಲಿ ಕೂಡಿಹಾಕೋದು. ಟವೆಲಲ್ಲಿ ಸುತ್ತೋದು. ಊಟ ಮಂಚದ ಕೆಳಗೆ ತಳ್ಳೋದು. ಇದಕ್ಕೆ ಏನು ಹೇಳ್ತೀರಿ?"

ನೋಟೀಸಪ್ಪ ಎದ್ದು ನಿಂತ. ಕಾರ್ಯದರ್ಶಿ ಪೋಸ್ಟು ಹೋದರೆ ಹೋಗಲಿ ಎಂದು ನಿಜ ಹೇಳಿಬಿಟ್ಟ.

"ಅತ್ತೆ ಬರ್ತಾ ಇಲ್ಲ. ಬೆಕ್ಕು ಬರ್ತಿದೆ. ಅದೆಲ್ಲ ಬೆಕ್ಕಿಗೆ."

ಸಭೆ ನಕ್ಕಿತು. ಒಳ್ಳೆಯ ನಗುವಲ್ಲ.

"ಹದಿನಾಲ್ಕನೇ ನೋಟೀಸ್ ಬರೆದವರು ನೀವು," ಅಂದರು ಹೆಡ್‌ಮೇಷ್ಟ್ರು. "ನೀವು ಬೆಕ್ಕು ತರ್ತೀರಿ ಅಂದ್ರೆ ನಾವು ನಂಬಬೇಕಾ?"

"ನಿಜ, ಸಾರ್."

"ಬೆಕ್ಕಿಗೆ ಯಾರಾದ್ರೂ 'ಅವರು' ಅಂತಾರಾ?" ಬಾಲ್ಕನಿ ಆಂಟಿ ಎದ್ದಳು. "ಅವರಿಗೆ ಮೀನು ಇಷ್ಟ, ಅವರಿಗೆ ವಯಸ್ಸಾಗಿದೆ, ಅವರು ಪರಚ್ತಾರೆ. ನಾಲ್ಕು ದಿನದಿಂದ ಕೇಳ್ತಿದೀನಿ. ನಾನು ಬೀದಿ ಬೆಕ್ಕಿಗೆ ಒಂದು ಲೋಟ ಹಾಲು ಹಾಕಿದ್ದಕ್ಕೆ ಇದೇ ಜಾಗದಲ್ಲಿ ನಿಲ್ಲಿಸಿದ್ರಲ್ಲ, ಆಗ ಎಲ್ಲಿತ್ತು ಈ ಪ್ರೀತಿ? ಸಿಕ್ಕಿಬಿದ್ದ ಮೇಲೆ ಪಾಪದ ಪ್ರಾಣಿ ಮೇಲೆ ಹಾಕ್ತಿದೀರಾ?"

"ಬೆಕ್ಕೆಲ್ಲಿದೆ, ತೋರಿಸಿ," ಅಂದ ಒಬ್ಬ.

"ಇನ್ನೂ ಬಂದಿಲ್ಲ."

"ಬರದೇ ಇರೋ ಬೆಕ್ಕಿಗೆ ಬಾಗಿಲು ಕೊರೆಸಿದ್ದಾರೆ," ಅಂದ ಇನ್ನೊಬ್ಬ. ಸಾಕ್ಷಿಗೆಂದು ಬಾಲ್ಕನಿ ಆಂಟಿ ಕರೆಸಿದ್ದ ಬಡಗಿಗೆ ಮೀಸೆಯ ವಿಷಯ ಹೇಳಬೇಕೆಂದಿತ್ತು, ಆದರೆ ಅವನು ಸದಸ್ಯನಲ್ಲವೆಂದು ಹೆಡ್‌ಮೇಷ್ಟ್ರು ಕೂರಿಸಿದರು.

ಅಷ್ಟರಲ್ಲಿ ಗೇಟಿನ ಮುಂದೆ ಟ್ಯಾಕ್ಸಿ ನಿಂತಿತು.

ಮೊದಲು ಒಂದು ಛತ್ರಿ ಹೊರಬಂತು, ಆಮೇಲೆ ಒಂದು ಬಟ್ಟೆಯ ಚೀಲ, ಬಹಳ ಹೊತ್ತಿನ ಮೇಲೆ ಅತ್ತೆ. ದಪ್ಪ ದೇಹ, ಸೋತ ಮಂಡಿ, ಸೋಲದ ಮುಖ. ಎರಡು ಗಂಟೆ ದಾರಿ ದೂರದ ಹಿರಿಯ ಮಗನ ಮನೆಯಲ್ಲಿದ್ದ ಆಕೆಗೆ ಶುಕ್ರವಾರವೇ ಬಾಲ್ಕನಿ ಆಂಟಿಯ ಫೋನು ಹೋಗಿತ್ತು. ಆಕೆ ಯಾರಿಗೂ ನಮಸ್ಕಾರ ಹೇಳಲಿಲ್ಲ, ಮಗಳ ಕಡೆಗೂ ನೋಡಲಿಲ್ಲ. ನೇರವಾಗಿ ನೋಟೀಸಪ್ಪನ ಮುಂದೆ ಬಂದು ನಿಂತರು.

"ಅಳಿಯಂದ್ರೇ, ಮರಳೆಲ್ಲಿ?"

"ಮೇಲಿದೆ, ಅತ್ತೆ."

"ನಡೀರಿ. ಕಾಲಿಟ್ಟುಕೊಂಡು ಕೂರ್ತೀನಿ."

ಹತ್ತುವಾಗ ಆಕೆಯ ಮಂಡಿ ಮೊದಲನೇ ಮಹಡಿಯ ತಿರುವಿನಲ್ಲಿ ನಿಂತಿತು. ಯಾರೋ ಕುರ್ಚಿ ತಂದರು. ಎದುರಿಗೆ ಬೋರ್ಡು. ಆಕೆ ಕನ್ನಡಕ ಹಾಕಿಕೊಂಡು ಒಂದರಿಂದ ಹದಿನಾಲ್ಕರವರೆಗೆ ಓದಿದರು. ಆಮೇಲೆ ಇವತ್ತಿನ ಸಭೆಯ ನೋಟೀಸನ್ನೂ ಓದಿದರು. ಹಿಂದೆ ಹನ್ನೆರಡು ಮನೆಯ ಜನ ಮೆಟ್ಟಿಲಿಗೊಬ್ಬರಂತೆ ಕಾದು ನಿಂತರು.

"ಅಕ್ಷರ ದುಂಡಗಿದೆ," ಅಂದು ಎದ್ದರು.

ಚಿಕ್ಕ ಕೋಣೆಯ ಬಾಗಿಲು ತೆರೆದಾಗ ಒಳಗಿನದನ್ನು ನೋಡಿದವರಿಗೆ ಇದ್ದ ಸಂಶಯವೂ ಹೋಯಿತು. ಚೀಟಿಯಿಲ್ಲದ ವಸ್ತುವೇ ಅಲ್ಲಿರಲಿಲ್ಲ. ಬೆಳಗಿನ ಬಿಸಿಲು ಬೀಳುವ ಮೂಲೆಯಲ್ಲಿ, ನೋಟೀಸಪ್ಪನ ಹಳೇ ಸ್ವೆಟರು ಹಾಸಿದ ಬುಟ್ಟಿ: 'ಮಲಗುವ ಸ್ಥಳ'. ಎರಡು ಬಟ್ಟಲು: 'ನೀರು', 'ನೀರು, ಮೊದಲನೆಯದು ದೂರವೆನಿಸಿದರೆ'. ಕಂಬ: 'ಸಿಟ್ಟು ಬಂದಾಗ'. ಮರಳಿನ ತಟ್ಟೆ: 'ಅವಸರಕ್ಕೆ'. ಕಿಟಕಿಯ ಬಲೆ: 'ಜೀವಕ್ಕೆ ಅಪಾಯವಿಲ್ಲ'. ಗೋಡೆಯ ಮಗ್ಗುಲಲ್ಲಿ ಕಿಟಕಿ ಕೊರೆದ ಒಂದು ರಟ್ಟಿನ ಪೆಟ್ಟಿಗೆ: 'ಹೆದರಿಕೆಯಾದಾಗ ಅಡಗುವ ಸ್ಥಳ'.

"ನೋಡಿ," ಅಂದರು ಹೆಡ್‌ಮೇಷ್ಟ್ರು ಗೆದ್ದ ದನಿಯಲ್ಲಿ. "ಬೆಕ್ಕಿಗೆ ಓದೋಕೆ ಬರುತ್ತಾ?"

ನಾಲ್ಕು ದಿನ ಚೀಟಿ ಬರೆಯುವಾಗ ಆ ಪ್ರಶ್ನೆ ನೋಟೀಸಪ್ಪನಿಗೆ ಹೊಳೆದೇ ಇರಲಿಲ್ಲ.

ಅತ್ತೆ ಒಂದೊಂದೇ ಚೀಟಿ ಓದುತ್ತಾ ಕೋಣೆ ಸುತ್ತಿದರು. ಸ್ವೆಟರನ್ನು ಮುಟ್ಟಿ ನೋಡಿದರು. ದೂರದ ಬಟ್ಟಲಿಗೂ ಹತ್ತಿರದ ಬಟ್ಟಲಿಗೂ ನಡುವಿನ ಅಂತರ ನೋಡಿದರು. ರಟ್ಟಿನ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತರು.

"ನನ್ನ ಮಗನ ಮನೇಲಿ ಇದೊಂದಿಲ್ಲ ನೋಡಿ," ಅಂದರು.

ಅತ್ತೆ ಅಳಿಯನ ಕಡೆ ತಿರುಗಿದರು.

"ಯಾರಿಗೆ ಇದೆಲ್ಲ? ನಿಜ ಹೇಳಿ."

"ಬೆಕ್ಕಿಗೆ, ಅತ್ತೆ. ಆಫೀಸಿಂದು. ನಾಳೆ ಕಟ್ಟಡ ಕೆಡವ್ತಾರೆ. ಅದು ಇನ್ನೂ ಒಳಗೇ ಇದೆ."

"ಗೊತ್ತಾಯ್ತು," ಅಂದರು ಅತ್ತೆ. "ಮನುಷ್ಯರಿಗೆ ಯಾರು ಇಷ್ಟೆಲ್ಲ ಮಾಡ್ತಾರೆ."

ಆ ಮಾತು ಎಲ್ಲರಿಗೂ ಸರಿಯೆನಿಸಿತು. ಅಲ್ಲಿದ್ದವರಲ್ಲಿ ಅತ್ತೆಯಿದ್ದವರು, ಅಮ್ಮನಿದ್ದವರು ಕಾಲ ಬೆರಳು ನೋಡಿಕೊಂಡರು. ಬೆಕ್ಕಿನ ಮಾತನ್ನು ನಂಬದೆ ಬೇರೆ ದಾರಿಯಿರಲಿಲ್ಲ. ಎಲ್ಲರಿಗಿಂತ ಮೊದಲು ನಂಬಿದವಳು ಬಾಲ್ಕನಿ ಆಂಟಿ.

"ಬಣ್ಣ ಯಾವುದು?" ಅಂದಳು.

"ಬೂದಿ."

"ಕಣ್ಣು?"

"ಹಸಿರು. ಒಂದರಲ್ಲಿ ಸ್ವಲ್ಪ ಪೊರೆ."

"ಅಯ್ಯೋ ಪಾಪ," ಅಂದಳು. ನಾಲ್ಕು ದಿನದಿಂದ ಅವನ ಅತ್ತೆಗೆ ಎಷ್ಟು ಮರುಗಿದ್ದಳೋ ಅದಕ್ಕಿಂತ ಒಂದು ತೂಕ ಹೆಚ್ಚಾಗಿತ್ತು ಆ ದನಿ. "ಇಲ್ಲಿ ನಿಂತು ಏನು ಮಾಡ್ತಿದೀರಿ, ಹೋಗಿ ತನ್ನಿ."

ಹೆಡ್‌ಮೇಷ್ಟ್ರು ಕೈ ಎತ್ತಿದರು. "ತರೋ ಹಾಗಿಲ್ಲ. ಅತ್ತೆ ವಿಷಯ ಬಿಟ್ಟೆ. ಆದರೆ ಹದಿನಾಲ್ಕನೇ ನೋಟೀಸು ಹಾಗೇ ಇದೆ. ಅದನ್ನ ತಿದ್ದೋಕೆ ಏಳು ದಿನ ಬೇಕು. ಬೆಕ್ಕಿನ ಪ್ರಾಣ ಎರಡನೇ ನೋಟೀಸಿಗೆ ಬರಲ್ಲ. ಅಲ್ಲಿ ಸದಸ್ಯರ ಪ್ರಾಣ, ಅವರ ನೆಂಟರ ಪ್ರಾಣ ಅಂತಿದೆ. ನಿಯಮ ನಿಯಮವೇ."

ನೋಟೀಸಪ್ಪ ತಲೆಯಾಡಿಸಿದ. ನೋಟೀಸು ಹಾಗೆಯೇ ಇತ್ತು. ಇನ್ನೊಬ್ಬ ಬರೆದಿದ್ದರೆ ಜಗಳವಾಡಬಹುದಿತ್ತು.

"ಮೇಷ್ಟ್ರೇ, ನಾನೂ ಓದಿದೆ," ಅಂದರು ಅತ್ತೆ. ಕೋಣೆಯಲ್ಲಿ ಕುರ್ಚಿಯಿರಲಿಲ್ಲ, ಹಗ್ಗದ ಕಂಬಕ್ಕೆ ಕೈಯೂರಿ ನಿಂತಿದ್ದರು. "ಹದಿನಾಲ್ಕನೇದರಲ್ಲಿ ನಿವಾಸಿಗಳು ಸಾಕಬಾರದು ಅಂತಿದೆ. ನಾನು ನಿವಾಸಿನಾ?"

"ಅಲ್ಲ. ನೀವು ಅತಿಥಿ."

"ಹನ್ನೊಂದನೇದರಲ್ಲಿ, ಅತಿಥಿಗಳು ಜೊತೆಗೆ ತಂದದ್ದಕ್ಕೆ ಅವರೇ ಹೊಣೆ ಅಂತಿದೆ. ಬೆಕ್ಕನ್ನ ನಾನು ತರ್ತೀನಿ. ಹೊಣೆ ನಂದು."

ಹೆಡ್‌ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಮೂವತ್ತಾರು ವರ್ಷದಲ್ಲಿ ಇಂಥ ಉತ್ತರ ಪತ್ರಿಕೆ ಬಂದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದರು. "ಅತಿಥಿಗಳು ಎಷ್ಟು ದಿನ ಇರಬಹುದು, ಸೆಕ್ರೆಟರಿಗಳೇ?"

"ಅದಕ್ಕೆ ನೋಟೀಸ್ ಬರೆದಿಲ್ಲ, ಸಾರ್," ಅಂದ ನೋಟೀಸಪ್ಪ. ಬರೆಯುವ ಸಂದರ್ಭವೇ ಬಂದಿರಲಿಲ್ಲ. ಅವನ ಮನೆಯಲ್ಲಿ ಅತಿಥಿಗಳು ಎಂದೂ ಉಳಿದಿರಲಿಲ್ಲ.

"ಹಾಗಾದ್ರೆ ಇವರು ಇರೋವರೆಗೆ ಬೆಕ್ಕು ಇರಬಹುದು," ಅಂದರು ಹೆಡ್‌ಮೇಷ್ಟ್ರು. "ಇವರು ಹೊರಟ ದಿನ ಅದೂ ಹೊರಡಬೇಕು."

ಎಲ್ಲರೂ ಅತ್ತೆಯ ಕಡೆ ನೋಡಿದರು. ಎಲ್ಲರಿಗಿಂತ ಹೆಚ್ಚು ಅಳಿಯ ನೋಡಿದ.

"ನಾನು ಜಗಳ ಆಡಿ ಸಂಜೆ ಬಸ್ಸಿಗೆ ವಾಪಸ್ ಹೋಗೋಣ ಅಂತ ಬಂದಿದ್ದೆ," ಅಂದರು ಅತ್ತೆ, ಖಾಲಿ ಚೀಲ ತೋರಿಸಿ. "ಬಟ್ಟೆನೂ ತಂದಿಲ್ಲ."

"ನಂದು ತಗೊಳ್ಳಿ," ಅಂದಳು ಬಾಲ್ಕನಿ ಆಂಟಿ.

ಬೆಕ್ಕು ಅತಿಥಿಯ ಜೊತೆಗೇ ಬರಬೇಕಾದ್ದರಿಂದ ಮಧ್ಯಾಹ್ನ ಅತ್ತೆಯೂ ಟ್ಯಾಕ್ಸಿಯಲ್ಲಿ ಹಳೇ ಕಚೇರಿಗೆ ಹೋದರು. ಆಗಲೇ ಬಾಗಿಲು ಕಿಟಕಿ ಕಿತ್ತಿದ್ದರು. ರೆಕಾರ್ಡ್ ರೂಮಿನಲ್ಲಿ ಮೇಜಿದ್ದ ಜಾಗದಲ್ಲಿ, ನೆಲದ ಮೇಲೆ, ಎಡ ಅಂಚು ಇರಬೇಕಾದ ಕಡೆ ಸರಿಯಾಗಿ ಬೂದಿ ಮಲಗಿತ್ತು. ನೋಟೀಸಪ್ಪ ಅಂಗಡಿಯ ಬುಟ್ಟಿ ಹಿಡಿದು ಹತ್ತಿರ ಹೋದ. ಅದು ಕಿಟಕಿಯ ಕಟ್ಟೆಗೆ ಹಾರಿತು. ಮೀನು ತೋರಿಸಿದ. ಮೀನನ್ನು ತಿಂದು ಮತ್ತೆ ಹಾರಿತು. 'ಬರತಕ್ಕದ್ದು' ಎಂಬ ದನಿಯಲ್ಲಿ ಕರೆದ, ಬೇಡುವ ದನಿಯಲ್ಲಿಯೂ ಕರೆದ. ಮುಕ್ಕಾಲು ಗಂಟೆ ಕಳೆಯಿತು. ಅಷ್ಟು ಹೊತ್ತು ನಿಲ್ಲಲಾರದೆ ಅತ್ತೆ ಒಂದು ಇಟ್ಟಿಗೆಯ ರಾಶಿಯ ಮೇಲೆ ಕೂತು, ಚೀಲವನ್ನು ಪಕ್ಕದಲ್ಲಿಟ್ಟು ಕಣ್ಣು ಮುಚ್ಚಿದರು. ಬೂದಿ ಇಳಿದು ಬಂದು ಚೀಲವನ್ನು ಮೂಸಿತು, ಒಳಗೆ ಹೋಯಿತು, ಎರಡು ಸುತ್ತು ತಿರುಗಿ ಕೂತಿತು.

"ಏನು ಕಾಯ್ತಿದೀರಿ, ಎತ್ತಿಕೊಳ್ಳಿ," ಅಂದರು ಅತ್ತೆ, ಕಣ್ಣು ಬಿಡದೆ.

ಅಷ್ಟು ಕಷ್ಟಪಟ್ಟು ತಂದ ಸಾಮಾನಿನ ಗತಿ ಮುಂದಿನ ಒಂದು ತಿಂಗಳಲ್ಲಿ ಹೀಗಾಯಿತು. ಹಗ್ಗದ ಕಂಬವನ್ನು ಅತ್ತೆ ತೆಗೆದುಕೊಂಡರು. ಕುರ್ಚಿಯಿಂದೇಳುವಾಗ ಹಿಡಿಯಲು ಅದಕ್ಕಿಂತ ಒಳ್ಳೆಯದು ಯಾವ ಅಂಗಡಿಯಲ್ಲೂ ಇಲ್ಲ ಎಂದರು. ಬುಟ್ಟಿಯಲ್ಲಿ ಅವರ ಮಾತ್ರೆ, ಕನ್ನಡಕ ಸೇರಿದವು. ಎರಡನೇ ನೀರಿನ ಬಟ್ಟಲಿನ ಜಾಗಕ್ಕೆ ಅವರ ನೀರಿನ ಲೋಟ ಬಂತು, ಅಡುಗೆಮನೆ ಅವರ ಮಂಡಿಗೆ ದೂರವಾಗುತ್ತಿತ್ತು. ಬೂದಿ ಮರಳೊಂದನ್ನು ಒಪ್ಪಿಕೊಂಡಿತು. ಉಳಿದಂತೆ ಅತ್ತೆಗೆಂದು ತಂದ ಹೊಸ ಕೈಕುರ್ಚಿಯಲ್ಲಿ ಮಲಗಿತು, ಅತ್ತೆಯ ಹೊದಿಕೆ ಹೊದ್ದಿತು, ಸಿಟ್ಟು ಬಂದಾಗ ನೋಟೀಸಪ್ಪನ ಸಂಘದ ಫೈಲನ್ನು ಪರಚಿತು. ಬಾಲ್ಕನಿ ಆಂಟಿ ದಿನಕ್ಕೆರಡು ಸಲ ಹಾಲು ತಂದಳು. ಮೆಟ್ಟಿಲ ಮೇಲೆ ಇಡದೆ ಕೈಯಲ್ಲಿ ಹಿಡಿದು ತರುತ್ತಿದ್ದುದರಿಂದ ನಿಯಮಭಂಗವಾಗಲಿಲ್ಲ. ಹದಿನಾಲ್ಕನೇ ನೋಟೀಸನ್ನು ತಿದ್ದಲು ಸಭೆ ಕರೆಯುವುದು ಮಾತ್ರ ವಾರದಿಂದ ವಾರಕ್ಕೆ ಮುಂದೆ ಹೋಯಿತು. ಯಾಕೋ ಕಾರ್ಯದರ್ಶಿಗೆ ಪುರಸೊತ್ತು ಸಿಗಲಿಲ್ಲ.

ತಿಂಗಳು ತುಂಬಿದ ಭಾನುವಾರ ಬೆಳಿಗ್ಗೆ ಅತ್ತೆ ಸೀರೆ ಬದಲಿಸಿ, ಛತ್ರಿ ಹಿಡಿದು, ಬಟ್ಟೆಯ ಚೀಲದೊಂದಿಗೆ ಬಾಗಿಲ ಬಳಿ ನಿಂತಿದ್ದರು. ಮಗಳು ಒಲೆಯ ಮುಂದೆ ಬೆನ್ನು ಹಾಕಿ ನಿಂತಿದ್ದಳು.

"ಹೊರಟೆ ಅಳಿಯಂದ್ರೇ. ಅತಿಥಿ ಅಂದ್ರೆ ಎಷ್ಟು ದಿನ ಇರೋದು."

ನೋಟೀಸಪ್ಪ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಓಡಿ ಬಂದು ಬಾಗಿಲಿಗೆ ಅಡ್ಡ ನಿಂತ.

"ಇನ್ನೊಂದೆರಡು ದಿನ ಇರಿ, ಅತ್ತೆ."

"ಹೂಂ. ಬೆಕ್ಕಿಗೋಸ್ಕರ."

ಬೂದಿ ಕೈಕುರ್ಚಿಯಲ್ಲಿ ಒಂದು ಕಣ್ಣು ತೆರೆದು ನೋಡುತ್ತಿತ್ತು. ಹೌದು ಎಂದರೆ ಅತ್ತೆ ಹೋಗುತ್ತಾರೆ, ಅಲ್ಲ ಎಂದರೆ ನಂಬುವುದಿಲ್ಲ. ಅವನು ಬ್ರಷ್ಷನ್ನು ಬಾಯಿಂದ ತೆಗೆದ.

"ನಾಳೆನೇ ಸಭೆ ಕರೀತೀನಿ, ನೋಟೀಸು ತಿದ್ದಿಸ್ತೀನಿ," ಅಂದ. "ಬೆಕ್ಕು ಇಲ್ಲೇ ಇರುತ್ತೆ, ನೀವು ಹೋದ್ರೂ. ಆಮೇಲೆ ನೀವು ಇರಿ ಅಂತ ಕೇಳ್ತೀನಿ. ಆಗ ನಂಬ್ತೀರಾ?"

ಅತ್ತೆ ಅವನ ಗದ್ದದ ಮೇಲಿನ ನೊರೆಯನ್ನು ನೋಡಿದರು. ಆಮೇಲೆ ಚೀಲವನ್ನು ಅವನ ಕೈಗೆ ಕೊಟ್ಟರು. "ಒಳಗಿಡಿ."

ಭಾರವಿರಬಹುದೆಂದು ಬಲ ಹಾಕಿ ಎತ್ತಿದ ನೋಟೀಸಪ್ಪ ಹಿಂದಕ್ಕೆ ಮುಗ್ಗರಿಸಿದ. ಚೀಲ ಗಾಳಿಯಷ್ಟು ಹಗುರವಾಗಿತ್ತು. ಬಾಯಿ ತೆರೆದು ನೋಡಿದ. ಒಂದು ಕರವಸ್ತ್ರವೂ ಇರಲಿಲ್ಲ.

"ಅತ್ತೆ, ಇದರಲ್ಲಿ ಏನೂ ಇಲ್ಲವಲ್ಲ."

"ಗೊತ್ತು," ಅಂದರು ಅತ್ತೆ. ಬೂದಿಯನ್ನು ಕೈಕುರ್ಚಿಯಿಂದ ಸರಿಸಿ, ಕಂಬ ಹಿಡಿದು ಕೂತರು.